ಒಂದೇ ಕಟ್ಟಡ, ಎರಡು ಶಾಲೆ: ಬೋಸ್ನಿಯಾದವರು ಮಾಡಿದ್ದು ತಪ್ಪೇ?

ವಲಸೆಹಕ್ಕಿ

ನಾನು ಮ್ಯೂನಿಕ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಬೋಸ್ನಿಯಾದ ಮೊಸ್ತಾರ್ ಊರಿನವರು. ಕಳೆದ ಬೇಸಿಗೆಯಲ್ಲಿ ಅವರ ಜೊತೆ ಅಲ್ಲಿಗೆ ಹೋಗಿದ್ದಾಗ, ಎಲ್ಲ ಪ್ರವಾಸಿಗರಂತೆ ನಾನೂ ನೆರೆತ್ವಾ ನದಿಯ ಹಳೆಯ ಸೇತುವೆಯನ್ನು ನೋಡಿ ಬಂದೆ. 1993ರ ನವೆಂಬರ್ 9ರಂದು ಶೆಲ್ ದಾಳಿಗೆ ಕುಸಿದು, 2004ರಲ್ಲಿ ಮತ್ತೆ ಎದ್ದು ನಿಂತ ಸೇತುವೆ ಅದು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಅಲ್ಲಿಂದ ನಡೆದೇ ಹೋಗಬಹುದಾದ ಸ್ಪ್ಯಾನಿಷ್ ಚೌಕದ ಬಳಿ ಇರುವ ಹಳೆಯ ಪ್ರೌಢಶಾಲೆ. ಆಸ್ಟ್ರೋ-ಹಂಗೇರಿಯನ್ ಕಾಲದಲ್ಲಿ ಕಟ್ಟಿದ ಈ ಶಾಲೆ ಯುದ್ಧದ ಸಮಯದಲ್ಲಿ ಬೋಸ್ನಿಯಾಕ್ (ಹೆಚ್ಚಾಗಿ ಮುಸ್ಲಿಮರು) ಮತ್ತು ಕ್ರೊಯೇಟ್ (ಹೆಚ್ಚಾಗಿ ಕ್ಯಾಥೊಲಿಕರು) ಪಡೆಗಳ ನಡುವಣ ಗೆರೆಗೆ ಅಂಟಿಕೊಂಡಿತ್ತು. ಇಂದು ಅದರೊಳಗೆ ಬೋಸ್ನಿಯಾಕ್ ಮಕ್ಕಳು ಒಂದು ಪಠ್ಯಕ್ರಮವನ್ನೂ ಕ್ರೊಯೇಟ್ ಮಕ್ಕಳು ಇನ್ನೊಂದು ಪಠ್ಯಕ್ರಮವನ್ನೂ ಓದುತ್ತಾರೆ. 2004ರಿಂದ ಆಡಳಿತ ಒಂದೇ ಆಗಿದೆ, ತರಗತಿಗಳು ಮಾತ್ರ ಬೇರೆ.

ಇದಕ್ಕಿಂತ ಕಟುವಾದ ವ್ಯವಸ್ಥೆ ಬೇರೆ ಊರುಗಳಲ್ಲಿದೆ. ಅದನ್ನು ‘ಒಂದೇ ಸೂರಿನಡಿ ಎರಡು ಶಾಲೆ’ ಎಂದು ಕರೆಯುತ್ತಾರೆ. ಕಟ್ಟಡ ಒಂದು, ಮುಖ್ಯೋಪಾಧ್ಯಾಯರು ಇಬ್ಬರು, ಅಧ್ಯಾಪಕರ ಕೊಠಡಿ ಎರಡು, ಕೆಲವೆಡೆ ಬಾಗಿಲೂ ಎರಡು. ಒಂದು ಕಡೆಯವರಿಗೆ ಬೆಳಗಿನ ಪಾಳಿ, ಇನ್ನೊಂದು ಕಡೆಯವರಿಗೆ ಮಧ್ಯಾಹ್ನದ ಪಾಳಿ ಇರುವ ಊರುಗಳೂ ಇವೆ. ತ್ರಾವ್ನಿಕ್‌ನಲ್ಲಿ ಒಂದೇ ಕಟ್ಟಡದ ಎರಡು ಭಾಗಗಳಿಗೆ ಬೇರೆ ಬೇರೆ ಬಣ್ಣ ಬಳಿದು, ಅಂಗಳದಲ್ಲಿ ನಡುವೆ ಬೇಲಿ ಹಾಕಿದ್ದಾರೆ.

ನನ್ನ ಪ್ರಶ್ನೆ ಇಷ್ಟೆ. ಮಕ್ಕಳನ್ನು ಹೀಗೆ ಬೇರ್ಪಡಿಸಿದ್ದು ಶುದ್ಧ ತಪ್ಪು ಎಂದು ನನಗೆ ಅಲ್ಲಿ ನಿಂತಾಗ ಅನ್ನಿಸಿತು. ಆದರೆ ನನ್ನ ಸಹೋದ್ಯೋಗಿ, “ಆಗ ನಮಗೆ ಬೇರೆ ದಾರಿ ಇರಲಿಲ್ಲ” ಎಂದರು. ಇಲ್ಲಿ ಶಿಕ್ಷಕರಿದ್ದೀರಿ, ಗಡಿನಾಡಿನವರಿದ್ದೀರಿ. ನಿಮಗೇನು ಅನ್ನಿಸುತ್ತದೆ?

ನೇರನುಡಿ

ಒಂದು ದೇಶ, ಒಂದು ಪಠ್ಯ ಎಂದು ಆದೇಶ ಹೊರಡಿಸಿದರೆ ಮುಗಿಯಿತಲ್ಲ, ಇದರಲ್ಲಿ ಚರ್ಚಿಸುವುದೇನಿದೆ?

ಕುಂಬಳೆ ಮೇಷ್ಟ್ರು

ನೇರನುಡಿಯವರೇ, ಆ ಒಂದು ಪಠ್ಯ ಯಾರ ಭಾಷೆಯಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ನೀವು ಯಾವ ಕಡೆ ಕುಳಿತಿರುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ನಾನು ಕಾಸರಗೋಡು ಜಿಲ್ಲೆಯಲ್ಲಿ ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡಿ ನಿವೃತ್ತನಾದವನು. 1956ರ ನವೆಂಬರ್ 1ರಂದು ನಾವು ಇದ್ದಲ್ಲೇ ಇದ್ದು ಕೇರಳದವರಾದೆವು. ಅಂದಿನಿಂದ ನಮ್ಮ ಕಡೆಯ ಅನೇಕ ಶಾಲೆಗಳಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಮಾಧ್ಯಮದ ಡಿವಿಷನ್‌ಗಳು ಒಂದೇ ಕಟ್ಟಡದಲ್ಲಿ ನಡೆಯುತ್ತಿವೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನು ಒದಗಿಸಬೇಕೆಂದು ಹೇಳುತ್ತದೆ. ನಮ್ಮನ್ನು ಯಾರಾದರೂ ‘ಒಂದೇ ಮಾಧ್ಯಮ ಮಾಡಿಬಿಡಿ’ ಎಂದು ಒಗ್ಗೂಡಿಸಲು ಬಂದರೆ, ಆ ಒಗ್ಗಟ್ಟಿನಲ್ಲಿ ಉಳಿಯುವುದು ಕನ್ನಡವಲ್ಲ ಎಂದು ನಮಗೆ ಗೊತ್ತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ನಮ್ಮ ಕಡೆ ಎದ್ದ ಕಳವಳ ಅದೇ ಆಗಿತ್ತು.

ಹಾಗಾಗಿ ಎರಡು ಮಾಧ್ಯಮ ಎಂದ ಕೂಡಲೇ ಅದು ದ್ವೇಷ ಎಂದು ನಾನು ಒಪ್ಪುವುದಿಲ್ಲ. ಆದರೆ ನಮ್ಮಲ್ಲಿ ಗಂಟೆ ಒಂದೇ ಹೊಡೆಯುತ್ತಿತ್ತು. ಮಧ್ಯಾಹ್ನದ ಗಂಜಿ ಮತ್ತು ಹೆಸರುಕಾಳು ಒಂದೇ ಹಂಡೆಯಿಂದ ಬರುತ್ತಿತ್ತು, ಸಾಲು ಒಂದೇ ಇರುತ್ತಿತ್ತು. ಶಾಲಾ ಕಲೋತ್ಸವದ ಯಕ್ಷಗಾನ ತಂಡಕ್ಕೆ ಹುಡುಗರು ಸಾಲದೆ ಹೋದ ವರ್ಷ ಮಲಯಾಳ ಡಿವಿಷನ್‌ನ ಇಬ್ಬರು ಬಂದು ಗೆಜ್ಜೆ ಕಟ್ಟಿದರು. ಅವರಲ್ಲೊಬ್ಬ ಅರ್ಥಗಾರಿಕೆಯ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದ, ಮತ್ತು ನಮ್ಮ ಮಕ್ಕಳಿಗಿಂತ ಸ್ಪಷ್ಟವಾಗಿ ಹೇಳಿದ. ಬೋಸ್ನಿಯಾದ ಆ ಶಾಲೆಗಳಲ್ಲಿ ಮಕ್ಕಳ ಬಿಡುವಿನ ಸಮಯ ಒಂದೇ ಇದೆಯೇ ಎಂಬುದನ್ನು ವಲಸೆಹಕ್ಕಿಯವರು ಮೊದಲು ತಿಳಿಸಲಿ.

ವಲಸೆಹಕ್ಕಿ

ಮೇಷ್ಟ್ರೇ, ಪಾಳಿಯಲ್ಲಿ ನಡೆಯುವ ಶಾಲೆಗಳಲ್ಲಿ ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುವುದರಿಂದ ಬಿಡುವಿನ ಮಾತೇ ಇಲ್ಲ. ಒಂದೇ ಹೊತ್ತಿಗೆ ನಡೆಯುವ ಕಡೆಗಳಲ್ಲೂ ಬಿಡುವಿನ ವೇಳೆಯನ್ನು ಹಿಂದೆ ಮುಂದೆ ಮಾಡಿರುವುದುಂಟು. ನಿಮ್ಮ ಉದಾಹರಣೆಗೂ ಅಲ್ಲಿಯದಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಕನ್ನಡ ಬಾರದವನಿಗೆ ಕನ್ನಡದ ಪಾಠ ಅರ್ಥವಾಗುವುದಿಲ್ಲ. ಅಲ್ಲಿ ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್ ಎಂದು ಮೂರು ಹೆಸರಿದ್ದರೂ ಮೂವರೂ ಪರಸ್ಪರ ಮಾತನಾಡಲು ದುಭಾಷಿ ಬೇಕಿಲ್ಲ. ಕಾಫಿಗೆ ಬೋಸ್ನಿಯಾಕರು ‘ಕಾಹ್ವಾ’, ಕ್ರೊಯೇಟರು ‘ಕಾವಾ’, ಸರ್ಬರು (ಹೆಚ್ಚಾಗಿ ಆರ್ಥೊಡಾಕ್ಸ್ ಕ್ರೈಸ್ತರು) ‘ಕಾಫಾ’ ಎನ್ನುತ್ತಾರೆ. ಇತಿಹಾಸ ಎಂಬ ವಿಷಯಕ್ಕೆ ಬೋಸ್ನಿಯಾಕರ ಪುಸ್ತಕದಲ್ಲಿ ‘ಹಿಸ್ತೋರಿಯಾ’, ಕ್ರೊಯೇಟರ ಪುಸ್ತಕದಲ್ಲಿ ‘ಪೊವಿಯೆಸ್ತ್’ ಎಂದಿರುತ್ತದೆ. ಸಿಗರೇಟ್ ಪೊಟ್ಟಣದ ಮೇಲೆ ‘ಧೂಮಪಾನ ಕೊಲ್ಲುತ್ತದೆ’ ಎಂಬ ಎಚ್ಚರಿಕೆ ಮೂರು ಸಲ ಮುದ್ರಣವಾಗಿರುತ್ತದೆ. ಎರಡು ಸಲ ಲ್ಯಾಟಿನ್ ಲಿಪಿಯಲ್ಲಿ ಅಕ್ಷರಶಃ ಅದೇ ವಾಕ್ಯ, ಮೂರನೆಯದು ಸಿರಿಲಿಕ್ ಲಿಪಿಯಲ್ಲಿ ಅದೇ ವಾಕ್ಯ.

ಹುಬ್ಬಳ್ಳಿ ಹುಡುಗಿ

ಧಾರವಾಡದವರಿಗೂ ಮೈಸೂರಿನವರಿಗೂ ಇರುವಷ್ಟು ವ್ಯತ್ಯಾಸ ಎನ್ನಿ. ನಾವು ಇನ್ನೂ ಒಂದೇ ಪಠ್ಯಪುಸ್ತಕದಲ್ಲಿ ಸಹಿಸಿಕೊಂಡಿದ್ದೇವೆ.

ತುಂಗಾತೀರ

ಮೂಲ ಬರಹದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ, ಅದನ್ನು ಸೇರಿಸದಿದ್ದರೆ ಚರ್ಚೆ ಓರೆಯಾಗುತ್ತದೆ. ಈ ಮೂರು ಸಮುದಾಯಗಳ ನಡುವೆ 1992ರಿಂದ 1995ರವರೆಗೆ ನಡೆದ ಯುದ್ಧವನ್ನು ಡೇಟನ್ ಒಪ್ಪಂದ ನಿಲ್ಲಿಸಿತು. ಆದರೆ ಅದೇ ಒಪ್ಪಂದ ದೇಶವನ್ನು ಎರಡು ಘಟಕಗಳಾಗಿ ವಿಭಜಿಸಿತು. ಅವುಗಳಲ್ಲಿ ಒಂದಾದ ಫೆಡರೇಷನ್‌ನಲ್ಲಿ ಹತ್ತು ಪ್ರಾಂತಗಳಿವೆ, ಪ್ರತಿ ಪ್ರಾಂತಕ್ಕೂ ತನ್ನದೇ ಶಿಕ್ಷಣ ಸಚಿವರಿದ್ದಾರೆ. ಆದ್ದರಿಂದ ‘ಆದೇಶ ಹೊರಡಿಸಿ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ಹೊರಡಿಸುವವರು ಯಾರು ಎಂಬುದೇ ಜಗಳದ ವಿಷಯ. ಇನ್ನು ‘ಎರಡು ಶಾಲೆ’ಯ ವ್ಯವಸ್ಥೆಯನ್ನು ದ್ವೇಷಿಗಳು ಮಾತ್ರ ಹುಟ್ಟುಹಾಕಿದ್ದಲ್ಲ. ಯುದ್ಧದಲ್ಲಿ ಓಡಿಹೋದ ಕುಟುಂಬಗಳು ತಮ್ಮ ಹಳೆಯ ಊರಿಗೆ ಮರಳಲು ತೊಡಗಿದಾಗ, ಅವರ ಮಕ್ಕಳು ಆ ಊರಿನ ಶಾಲೆಯ ಹತ್ತಿರವೂ ಸುಳಿಯುವಂತಿರಲಿಲ್ಲ. ಕೆಲವು ಮಕ್ಕಳು ಖಾಸಗಿ ಮನೆಗಳಲ್ಲಿ, ತಾತ್ಕಾಲಿಕ ಕೋಣೆಗಳಲ್ಲಿ ಕಲಿಯುತ್ತಿದ್ದರು. ಕಡೇಪಕ್ಷ ಒಂದೇ ಕಟ್ಟಡದೊಳಗೆ ಬರಲಿ, ಮುಂದಿನದನ್ನು ಆಮೇಲೆ ನೋಡೋಣ ಎಂದು, ಶಾಂತಿ ಒಪ್ಪಂದದ ಜಾರಿಯನ್ನು ನೋಡಿಕೊಳ್ಳುತ್ತಿದ್ದ ಅಂತರರಾಷ್ಟ್ರೀಯ ಪ್ರತಿನಿಧಿಗಳೂ ಇದಕ್ಕೆ ಒತ್ತಾಸೆ ನೀಡಿದರು. ತಾತ್ಕಾಲಿಕ ಎಂದು ಹಾಕಿದ ಚಪ್ಪರ ಅದು. ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆ 2018ರಲ್ಲಿ ಎಣಿಸಿದಾಗಲೂ 28 ಸ್ಥಳಗಳಲ್ಲಿ ಇಂಥ 56 ಶಾಲೆಗಳಿದ್ದವು.

ವಲಸೆಹಕ್ಕಿಯವರ ಸಹೋದ್ಯೋಗಿ ‘ಆಗ’ ಬೇರೆ ದಾರಿ ಇರಲಿಲ್ಲ ಎಂದದ್ದು ನನ್ನ ಮಟ್ಟಿಗೆ ನಿಜ. ಸಮಸ್ಯೆ ಇರುವುದು ‘ಈಗ’ ಎಂಬುದರಲ್ಲಿ.

ಲೆಕ್ಕದ ಪುಸ್ತಕ

ಚಪ್ಪರ ಏಕೆ ಉಳಿಯಿತು ಎಂಬುದಕ್ಕೆ ಭಾವನೆಗಿಂತ ಲೆಕ್ಕದ ಉತ್ತರವಿದೆ. ಎರಡು ಶಾಲೆ ಎಂದರೆ ಇಬ್ಬರು ಮುಖ್ಯೋಪಾಧ್ಯಾಯರು, ಇಬ್ಬರು ಕಾರ್ಯದರ್ಶಿಗಳು, ಎರಡು ಪಟ್ಟು ಹುದ್ದೆಗಳು, ಎರಡು ಬಗೆಯ ಪಠ್ಯಪುಸ್ತಕಗಳ ಮುದ್ರಣ. ನಿರುದ್ಯೋಗ ತುಂಬಿರುವ ಸಣ್ಣ ಊರಿನಲ್ಲಿ ಶಾಲೆಯ ನೌಕರಿ ಎಂದರೆ ಪಕ್ಷ ಹಂಚುವ ಪ್ರಸಾದ. ಶಾಲೆ ಒಂದಾದರೆ ಅರ್ಧದಷ್ಟು ಪ್ರಸಾದ ಖಾಲಿ. ಇತ್ತ ಯುವ ಕುಟುಂಬಗಳು ಜರ್ಮನಿ, ಆಸ್ಟ್ರಿಯಾಗಳಿಗೆ ಹೊರಟುಹೋಗಿ ಮಕ್ಕಳ ಸಂಖ್ಯೆ ಇಳಿಯುತ್ತಿರುವಾಗಲೂ ಎರಡೆರಡು ಆಡಳಿತಗಳನ್ನು ಸಾಕಲಾಗುತ್ತಿದೆ.

ಬೆಳಗಾವಿ ಗಲ್ಲಿ

ಲೆಕ್ಕದವರೇ, ನಿಮ್ಮ ಮಾತು ಅರ್ಧ ಸತ್ಯ. ನೌಕರಿಯೊಂದೇ ಕಾರಣವಾಗಿದ್ದರೆ ಸಾಮಾನ್ಯ ತಂದೆತಾಯಿ ಇದನ್ನು ಒಪ್ಪುತ್ತಿರಲಿಲ್ಲ. ನಮ್ಮ ಕಡೆ ಕನ್ನಡ ಶಾಲೆ, ಮರಾಠಿ ಶಾಲೆ ಒಂದೇ ಆವರಣದಲ್ಲಿರುವುದು ಹೊಸದೇನಲ್ಲ. ನಾನು ಕನ್ನಡ ಶಾಲೆಯಲ್ಲಿ ಓದಿದೆ. ಆಚೆಯ ಸಾಲಿನ ಹುಡುಗರ ಜೊತೆ ಖೋ ಖೋ ಆಡಿದೆ. ಅವರ ಬೈಗುಳ ನನಗೆ, ನನ್ನ ಬೈಗುಳ ಅವರಿಗೆ ಚೆನ್ನಾಗಿ ತಿಳಿಯುತ್ತಿತ್ತು. ನವೆಂಬರ್ 1 ಹತ್ತಿರ ಬಂದಾಗ ಮಾತ್ರ, ನಮಗೆ ರಾಜ್ಯೋತ್ಸವವಾದದ್ದು ಅವರಲ್ಲಿ ಕೆಲವರ ಮನೆಗೆ ಕರಾಳ ದಿನವಾದ್ದರಿಂದ, ಎರಡು ಮೂರು ದಿನ ಆಟ ತಾನಾಗಿಯೇ ನಿಲ್ಲುತ್ತಿತ್ತು. ಯಾರೂ ನಿಲ್ಲಿಸಿ ಎಂದು ಹೇಳುತ್ತಿರಲಿಲ್ಲ. ಮನೆಯ ಊಟದ ಹೊತ್ತಿನ ಮಾತು ಮಕ್ಕಳ ಕಿವಿಗೆ ಬಿದ್ದಿರುತ್ತಿತ್ತು, ಅಷ್ಟೆ. ನಮ್ಮಲ್ಲಿ ಇಷ್ಟು ನಡೆಯುವಾಗ, ಮನೆಯವರನ್ನು ಕಳೆದುಕೊಂಡ ಕುಟುಂಬಗಳಲ್ಲಿ ಊಟದ ಹೊತ್ತಿಗೆ ಏನು ಮಾತು ನಡೆಯುತ್ತಿರಬಹುದು ಎಂದು ಯೋಚಿಸಿ.

ಹೊಸಿಲು

ನಾನು ಇಬ್ಬರು ಮಕ್ಕಳ ತಾಯಿ, ಆ ನೋಟದಿಂದಲೇ ಹೇಳುತ್ತೇನೆ. ಇಲ್ಲಿ ಎಲ್ಲರೂ ವ್ಯವಸ್ಥೆಯ ಕುರಿತು ಮಾತನಾಡುತ್ತಿದ್ದೀರಿ. ನನ್ನ ಗಂಡನನ್ನೋ ಅಣ್ಣನನ್ನೋ ಕೊಂದ ಪಡೆಯಲ್ಲಿದ್ದ ಮನುಷ್ಯನ ಮಗ ನನ್ನ ಮಗಳ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಾನೆ, ಮತ್ತು ಇತಿಹಾಸದ ಶಿಕ್ಷಕರು ಅವನ ಕಡೆಯವರು ಎಂದಾದರೆ ನಾನು ಎಷ್ಟು ಉದಾರಿಯಾಗಿರುತ್ತಿದ್ದೆ? ಬೇಲಿ ಬೇಕೆಂದು ಕೇಳುವ ತಾಯಂದಿರನ್ನು ಸಂಕುಚಿತರೆಂದು ಕರೆಯುವುದು ಮ್ಯೂನಿಕ್‌ನಿಂದಲೋ ಬೆಂಗಳೂರಿನಿಂದಲೋ ಬಹಳ ಸುಲಭ.

ವಲಸೆಹಕ್ಕಿ

ಹೊಸಿಲು ಅವರೇ, ಏಟು ಸರಿಯಾಗಿ ಬಿದ್ದಿದೆ, ಒಪ್ಪಿಕೊಂಡೆ.

ಚರಿತ್ರೆ ಟೀಚರ್

ಹೊಸಿಲು ಮೇಡಂ ಎತ್ತಿದ ಇತಿಹಾಸದ ಪ್ರಶ್ನೆಯೇ ಇಡೀ ವಿವಾದದ ಕರುಳು. ಅಲ್ಲಿ ಭಾಷೆ, ಇತಿಹಾಸ, ಭೂಗೋಳ, ಧರ್ಮ ಇವುಗಳನ್ನು ‘ರಾಷ್ಟ್ರೀಯ ವಿಷಯಗಳ ಗುಂಪು’ ಎಂದು ಕರೆಯುತ್ತಾರೆ. ಗಣಿತವನ್ನು ಒಟ್ಟಿಗೆ ಕಲಿಯಲು ಯಾರಿಗೂ ತಾತ್ವಿಕ ಅಡ್ಡಿಯಿಲ್ಲ. ಈ ಗುಂಪಿನ ವಿಷಯಗಳಿಗೆ ಬಂದಾಗ ಒಂದು ಪುಸ್ತಕದ ವೀರ ಇನ್ನೊಂದು ಪುಸ್ತಕದ ಅಪರಾಧಿಯಾಗುತ್ತಾನೆ. 1992ರಿಂದ 1995ರವರೆಗಿನ ಯುದ್ಧವನ್ನು ಸದ್ಯಕ್ಕೆ ಪಾಠ ಮಾಡುವುದೇ ಬೇಡ ಎಂದು 2000ದಲ್ಲಿ ಯುರೋಪ್ ಮಂಡಳಿಯೇ ಶಿಫಾರಸು ಮಾಡಿತ್ತು. ಶಿಕ್ಷಕಿಯಾಗಿ ನನಗೆ ಆ ಶಿಫಾರಸು ಅರ್ಥವಾಗುತ್ತದೆ, ಆದರೆ ತರಗತಿಯಲ್ಲಿ ಮೌನ ಉಳಿದರೆ ಆ ಜಾಗವನ್ನು ಬೆಳಗಾವಿ ಗಲ್ಲಿಯವರು ಹೇಳಿದ ಊಟದ ಹೊತ್ತಿನ ಮಾತು ತುಂಬುತ್ತದೆ.

ಆದರೆ ಯಾರೂ ಇನ್ನೂ ಮಕ್ಕಳನ್ನು ಕೇಳಿಲ್ಲ. ಯಾಯ್ತ್ಸೆ ಎಂಬ ಜಲಪಾತದ ಊರಿದೆ. 1943ರ ನವೆಂಬರ್ 29ರಂದು ಯುಗೊಸ್ಲಾವಿಯಾದ ಹೊಸ ಒಕ್ಕೂಟಕ್ಕೆ ಅಡಿಪಾಯ ಹಾಕಿದ ಸಭೆ ನಡೆದ ಊರು ಅದು. ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳು ಒಟ್ಟಿಗೆ ಓದುತ್ತಿದ್ದರು. ಬೋಸ್ನಿಯಾಕ್ ಮಕ್ಕಳಿಗೆ ಪ್ರತ್ಯೇಕ ಶಾಲೆ ತೆರೆಯುವ ಯೋಜನೆ ಬಂದಾಗ, 2016ರಲ್ಲಿಯೂ 2017ರಲ್ಲಿಯೂ ಬೋಸ್ನಿಯಾಕ್ ಮತ್ತು ಕ್ರೊಯೇಟ್ ವಿದ್ಯಾರ್ಥಿಗಳು ಸೇರಿಯೇ ಬೀದಿಗಿಳಿದು ‘ನಮ್ಮನ್ನು ಬೇರ್ಪಡಿಸಬೇಡಿ’ ಎಂದರು. ಯೋಜನೆಯನ್ನು ತಡೆಹಿಡಿಯಲಾಯಿತು. 2018ರಲ್ಲಿ ಆ ವಿದ್ಯಾರ್ಥಿಗಳಿಗೆ, ಅಲ್ಪಸಂಖ್ಯಾತರ ಪರವಾದ ಕೆಲಸಕ್ಕೆ ಕೊಡುವ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ಪ್ರಶಸ್ತಿ ಬಂತು. ಅದೇ ಪ್ರಾಂತದ ಹಿಂದಿನ ಶಿಕ್ಷಣ ಸಚಿವೆಯೊಬ್ಬರು 2007ರಲ್ಲಿ ಸೇಬನ್ನೂ ಪೇರ್ ಹಣ್ಣನ್ನೂ ಬೆರೆಸಲಾಗದು ಎಂಬ ಮಾತಿನಿಂದ ಈ ವ್ಯವಸ್ಥೆಯನ್ನು ಸಮರ್ಥಿಸಿಕೊಂಡಿದ್ದರು ಎಂಬುದನ್ನು ನೆನೆದರೆ, ಆ ಮಕ್ಕಳ ಹೆಜ್ಜೆ ಎಷ್ಟು ದೂರದ್ದು ಎಂದು ತಿಳಿಯುತ್ತದೆ.

ನೇರನುಡಿ

ನೋಡಿದಿರಾ, ನಾನು ಮೊದಲೇ ಹೇಳಿದ್ದು ಇದನ್ನೇ. ಮಕ್ಕಳೇ ಒಂದು ಶಾಲೆ ಬೇಕೆನ್ನುತ್ತಿದ್ದಾರೆ.

ತುಂಗಾತೀರ

ಒಂದು ಶಾಲೆ ಬೇಕೆನ್ನುವುದೂ ಒಂದೇ ಪಠ್ಯವನ್ನು ಹೇರುವುದೂ ಬೇರೆ ಬೇರೆ, ನೇರನುಡಿಯವರೇ. ಸರ್ಬರು ಬಹುಸಂಖ್ಯಾತರಾಗಿರುವ ರಿಪಬ್ಲಿಕಾ ಸ್ರ್ಪ್ಸ್ಕಾ ಘಟಕದಲ್ಲಿ ನಿಮ್ಮ ಸೂತ್ರವೇ ಜಾರಿಯಲ್ಲಿದೆ: ಒಂದು ಶಾಲೆ, ಒಂದು ಪಠ್ಯ. ಅಲ್ಲಿ ಕೊನ್ಯೇವಿಚ್ ಪೊಲ್ಯೆ ಎಂಬ ಹಳ್ಳಿಯ ಬೋಸ್ನಿಯಾಕ್ ತಂದೆತಾಯಿ ತಮ್ಮ ಭಾಷೆಯನ್ನು ‘ಬೋಸ್ನಿಯನ್’ ಎಂದು ಗುರುತಿಸಿ, ತಮ್ಮ ಇತಿಹಾಸವನ್ನೂ ಕಲಿಸಿ ಎಂದು ಕೇಳಿ, 2013ರಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ, ಸರಾಯೇವೊಗೆ ಬಂದು ಅಂತರರಾಷ್ಟ್ರೀಯ ಪ್ರತಿನಿಧಿಯ ಕಚೇರಿಯ ಎದುರು ಡೇರೆ ಹಾಕಿ ಕುಳಿತರು. ಅಲ್ಲಿ ಬೇಲಿಯಿಲ್ಲ, ಎರಡು ಬಾಗಿಲಿಲ್ಲ. ಆದರೂ ಶಾಲೆ ಒಬ್ಬರದೇ ಆಗಿತ್ತು. ಕುಂಬಳೆ ಮೇಷ್ಟ್ರ ಭಯ ಇದೇ ತಾನೆ?

ಕುಂಬಳೆ ಮೇಷ್ಟ್ರು

ಅದೇ. ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿದಿರಿ.

ಬೆಲ್‌ಫಾಸ್ಟ್ ಮಳೆ

ಹತ್ತು ವರ್ಷಗಳಿಂದ ಉತ್ತರ ಐರ್ಲೆಂಡಿನಲ್ಲಿರುವ ನನ್ನದೊಂದು ಸೇರ್ಪಡೆ. ಇಲ್ಲಿ ಯುದ್ಧದ ಬದಲು ದಶಕಗಳ ಹಿಂಸೆ ನಡೆಯಿತು, ಆದರೆ ಶಾಲೆಯ ಕಥೆ ಹತ್ತಿರದ್ದೇ. ಕ್ಯಾಥೊಲಿಕ್ ಮಕ್ಕಳಿಗೆ ಚರ್ಚಿನ ಶಾಲೆಗಳು, ಪ್ರೊಟೆಸ್ಟೆಂಟ್ ಮಕ್ಕಳಿಗೆ ಹೆಚ್ಚಾಗಿ ಸರ್ಕಾರಿ ಶಾಲೆಗಳು. 1981ರಲ್ಲಿ ಕೆಲವು ತಂದೆತಾಯಿ ತಾವೇ ಮುಂದೆ ಬಂದು 28 ಮಕ್ಕಳೊಂದಿಗೆ ಎರಡೂ ಕಡೆಯ ಮಕ್ಕಳು ಒಟ್ಟಿಗೆ ಓದುವ ಮೊದಲ ಶಾಲೆಯಾದ ಲಗಾನ್ ಕಾಲೇಜನ್ನು ತೆರೆದರು. ಅಲ್ಲಿಂದ ಇಷ್ಟು ದಶಕ ಕಳೆದ ಮೇಲೂ ಇಂಥ ಶಾಲೆಗಳಿಗೆ ಹೋಗುವ ಮಕ್ಕಳು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಸಮೀಕ್ಷೆಯಲ್ಲಿ ಕೇಳಿದರೆ ಬಹಳ ಜನ ‘ಒಟ್ಟಿಗೆ ಓದಬೇಕು’ ಎನ್ನುತ್ತಾರೆ, ದಾಖಲಾತಿಯ ದಿನ ತಾವು ಓದಿದ ಶಾಲೆಗೇ ಮಗುವನ್ನು ಕರೆದೊಯ್ಯುತ್ತಾರೆ. ಇದರಲ್ಲಿ ಕಪಟವಿಲ್ಲ, ಮನೆಯ ಹತ್ತಿರದ ಶಾಲೆ ಅದೇ ಆಗಿರುತ್ತದೆ, ಏಕೆಂದರೆ ಬಡಾವಣೆಗಳೇ ಬೇರೆ ಬೇರೆ.

ಕಾಫಿಯ ಪ್ರಸಂಗ ಓದಿ ನಕ್ಕೆ. ಇಲ್ಲಿ ಇಂಗ್ಲಿಷಿನ ಎಂಟನೆಯ ಅಕ್ಷರವನ್ನು ‘ಏಚ್’ ಎಂದರೆ ಪ್ರೊಟೆಸ್ಟೆಂಟ್, ‘ಹೇಚ್’ ಎಂದರೆ ಕ್ಯಾಥೊಲಿಕ್ ಎಂದು ಗುರುತಿಸುತ್ತಾರೆ. ಕನ್ನಡಿಗನಾದ ನಾನು ‘ಹೆಚ್’ ಎಂದು ಹೇಳಿ, ಬಂದ ಮೊದಲ ವಾರವೇ ತಿಳಿಯದೆ ಒಂದು ಪಕ್ಷ ಸೇರಿಬಿಟ್ಟಿದ್ದೆ.

ಹುಬ್ಬಳ್ಳಿ ಹುಡುಗಿ

ಹಾಗಾದರೆ ‘ಹೆಚ್.ಡಿ. ಕೋಟೆ’ ಇರುವುದು ಬೆಲ್‌ಫಾಸ್ಟಿನ ಯಾವ ಬದಿಗೆ?

ನಿರ್ವಾಹಕ

ನಕ್ಕಾಯಿತು. ಎರಡು ಅಳಿಸಿದ ಪ್ರತಿಕ್ರಿಯೆಗಳಲ್ಲಿ ಸದಸ್ಯರೊಬ್ಬರು ಇದನ್ನು ನಮ್ಮ ಚುನಾವಣೆಯ ಕಡೆ ಎಳೆಯಲು ನೋಡಿದ್ದರು. ದಯವಿಟ್ಟು ಶಾಲೆಯ ವಿಷಯಕ್ಕೆ ಮರಳಿ.

ಬೆಳಗಾವಿ ಗಲ್ಲಿ

ನ್ಯಾಯಾಲಯಗಳು ಏನೂ ಹೇಳಿಲ್ಲವೇ?

ತುಂಗಾತೀರ

ಹೇಳಿವೆ. ಸ್ತೊಲಾತ್ಸ್ ಮತ್ತು ಚಾಪ್ಲಿನಾ ಊರುಗಳ ಶಾಲೆಗಳ ಕುರಿತು 2012ರಲ್ಲಿ ಮೊಸ್ತಾರ್ ನ್ಯಾಯಾಲಯ ಇದು ತಾರತಮ್ಯ ಎಂದು ತೀರ್ಪಿತ್ತಿತು, 2014ರಲ್ಲಿ ಫೆಡರೇಷನ್‌ನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪು ಕಡತದಲ್ಲಿ ಕುಳಿತಿತು, ಮಕ್ಕಳು ತಮ್ಮ ತಮ್ಮ ಬಾಗಿಲಿನಿಂದ ಒಳಗೆ ಹೋಗುತ್ತಲೇ ಇದ್ದರು.

ಚರಿತ್ರೆ ಟೀಚರ್

ಆದರೆ ಅದೇ ದೇಶದಲ್ಲಿ ಬರ್ಚ್ಕೊ ಎಂಬ ಜಿಲ್ಲೆಯಿದೆ. ಎರಡೂ ಘಟಕಗಳು ತಮಗೆ ಬೇಕೆಂದು ಜಗ್ಗಾಡಿದ್ದರಿಂದ ಅದನ್ನು ಯಾರಿಗೂ ಬಿಟ್ಟುಕೊಡದೆ ಅಂತರರಾಷ್ಟ್ರೀಯ ಮೇಲ್ವಿಚಾರಕರ ಕೈಕೆಳಗೆ ಸ್ವಾಯತ್ತ ಜಿಲ್ಲೆಯನ್ನಾಗಿ ಮಾಡಿದರು. 2000ದ ಅಕ್ಟೋಬರ್‌ನಲ್ಲಿ ಅಲ್ಲಿ ಶಾಲೆ ಹಂಚಿಕೊಳ್ಳುವುದನ್ನು ವಿರೋಧಿಸಿ ವಿದ್ಯಾರ್ಥಿಗಳೇ ಗಲಾಟೆ ಎಬ್ಬಿಸಿದ್ದರು. ಮರುವರ್ಷದಿಂದಲೇ ಮೂರೂ ಸಮುದಾಯದ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಲಾಯಿತು. ಎರಡೂ ಲಿಪಿ ಕಲಿಯಬೇಕು, ತನ್ನ ಭಾಷೆಯ ಹೆಸರು ಯಾವುದು ಎಂದು ಮಗುವೇ ಆರಿಸಿಕೊಳ್ಳಬಹುದು, ಪ್ರಮಾಣಪತ್ರದಲ್ಲಿ ಆ ಹೆಸರೇ ಬರುತ್ತದೆ. ಶಿಕ್ಷಕರ ಸಂಬಳವನ್ನು ಸುತ್ತಲಿನ ಪ್ರದೇಶಗಳಿಗಿಂತ ಹೆಚ್ಚಿಸಿದರು, ಇದನ್ನು ಲೆಕ್ಕದ ಪುಸ್ತಕದವರು ಗಮನಿಸಲಿ. ಆದ್ದರಿಂದ ಬೇರೆ ದಾರಿ ಇರಲೇ ಇಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

ಲೆಕ್ಕದ ಪುಸ್ತಕ

ಗಮನಿಸಿದೆ. ಜೊತೆಗೆ, ಮೇಲ್ವಿಚಾರಕರ ಕೈಯಲ್ಲಿ ಕಾನೂನು ಜಾರಿಗೊಳಿಸುವ ಅಧಿಕಾರವಿತ್ತು ಎಂಬುದನ್ನೂ ಸೇರಿಸಿ. ಯಾಯ್ತ್ಸೆಯ ಮಕ್ಕಳ ಕೈಯಲ್ಲಿ ಬರೀ ಫಲಕಗಳಿದ್ದವು.

ಹೊಸಿಲು

ಬರ್ಚ್ಕೊದ ಸಂಗತಿ ನನಗೆ ಗೊತ್ತಿರಲಿಲ್ಲ. ಹೆಸರನ್ನು ಮಗುವಿಗೇ ಬಿಟ್ಟದ್ದು ನನಗೆ ಹಿಡಿಸಿತು. ನಾನು ಕೇಳಿದ್ದ ಬೇಲಿಯ ಅಗತ್ಯ ಸ್ವಲ್ಪ ಕಡಿಮೆಯಾಗುವುದು ಅಲ್ಲಿಯೇ. ಇತಿಹಾಸದ ಶಿಕ್ಷಕರು ಯಾರು ಎಂಬ ನನ್ನ ಪ್ರಶ್ನೆ ಮಾತ್ರ ಹಾಗೆಯೇ ನಿಂತಿದೆ.

ವಲಸೆಹಕ್ಕಿ

ಇಲ್ಲಿನ ಚರ್ಚೆಯನ್ನು ಊಟದ ವಿರಾಮದಲ್ಲಿ ನನ್ನ ಸಹೋದ್ಯೋಗಿಗೆ ಬಿಡಿಸಿ ಹೇಳಿದೆ. ಮೇಷ್ಟ್ರ ಗಂಜಿಯ ಸಾಲನ್ನು ಅವರು ಎರಡು ಸಲ ಕೇಳಿದರು. ಮೊಸ್ತಾರ್‌ನ ಆ ಕಟ್ಟಡದ ಮಹಡಿಯಲ್ಲಿ 2006ರಿಂದ ಯುನೈಟೆಡ್ ವರ್ಲ್ಡ್ ಕಾಲೇಜ್ ನಡೆಯುತ್ತಿದೆ, ಅಲ್ಲಿ ಎಲ್ಲ ಸಮುದಾಯದ ಮತ್ತು ಹೊರದೇಶಗಳ ವಿದ್ಯಾರ್ಥಿಗಳು ಒಟ್ಟಿಗೆ ಇಂಗ್ಲಿಷಿನಲ್ಲಿ ಓದುತ್ತಾರೆ. “ನಮ್ಮ ಮಕ್ಕಳು ಒಂದಾಗಬೇಕಾದರೆ ಒಂದೋ ಮೆಟ್ಟಿಲು ಹತ್ತಬೇಕು, ಇಲ್ಲವೇ ದೇಶ ಬಿಡಬೇಕು” ಎಂದರು. ಅವರ ಮಗಳು ಈಗ ಮ್ಯೂನಿಕ್‌ನ ಶಾಲೆಯಲ್ಲಿ ಓದುತ್ತಿದ್ದಾಳೆ. ಅವಳ ಆಪ್ತ ಗೆಳತಿ ಮೊಸ್ತಾರ್‌ನ ಪಶ್ಚಿಮ ಭಾಗದ ಕ್ರೊಯೇಟ್ ಹುಡುಗಿ. ಊರಿನಲ್ಲಿದ್ದಾಗ ಇಬ್ಬರ ಮನೆಗಳ ನಡುವೆ ನಡೆದರೆ ಕಾಲು ಗಂಟೆಯ ದಾರಿ, ಆದರೆ ಪರಿಚಯವಾದದ್ದು ಇಲ್ಲಿಗೆ ಬಂದ ಮೇಲೆ.

ಕುಂಬಳೆ ಮೇಷ್ಟ್ರು

ಆ ಇಬ್ಬರು ಹುಡುಗಿಯರು ತಮ್ಮೊಳಗೆ ಮಾತನಾಡುವಾಗ ಕಾಫಿಗೆ ಏನೆನ್ನುತ್ತಾರೆ ಎಂದು ಕೇಳಿದಿರಾ?

ವಲಸೆಹಕ್ಕಿ

ಕೇಳಿದೆ ಮೇಷ್ಟ್ರೇ. ಜರ್ಮನ್‌ನಲ್ಲಿ ‘ಕಾಫೆ’ ಎನ್ನುತ್ತಾರಂತೆ.